ಹೊಸ ಘಾಟಿನ ಬಸವಣ್ಣ

ಆ ಬಸವಣ್ಣಗ ಸಾಬವ್ವ ಕೈ ಮುಗಿಯಾಂಗಿಲ್ಲ ಅಂತ ಹಿರೇಗಡ್ಡಿ ಊರಿಗೆಲ್ಲ ಗೊತ್ತಿತ್ತು. ಸಾಬವ್ವ ಅಂದ್ರ ನಾನೇ. ಹೊಳಿಗಿ ನೀರಿಗಿ ಹೋಗಬೇಕಾದ್ರ ಬೇವಿನ ಗಿಡದ ಕೆಳಗ ಕುಂತ ಅವನ ಮುಂದೇ ದಾರಿ. ಹೋಗೂಮುಂದ ಬಲಕ್ಕ ಮಾರಿ ತಿರುವತಿದ್ನಿ, ಬರೂಮುಂದ ಎಡಕ್ಕ. "ಏನ ಬೇ ಸಾಬವ್ವ, ದೇವರ ಕೂಡನೂ ಮಾತ ಬಿಟ್ಟೀ?" ಅಂತ ಹೆಣ್ಮಕ್ಕಳು ನಗತಿದ್ರು. ಹೌದು, ಬಿಟ್ಟಿದ್ನಿ. ನನ್ನ ಮನಿ ಮುರದ ದೇವರ ಕೂಡ ನಾ ಏನ ಮಾತಾಡ್ಲಿ. ಹಂಗ ಅಂದ್ರ ಅವ್ರು ಕೊಡ ತುಂಬಿಕೊಂಡು ಸುಮ್ಮ ಹೋಗತಿದ್ರು.

ನಮ್ಮ ಕಡೆ ಭೀಮಾ ಹೊಳಿ ದಾಟಸು ದೊಡ್ಡ ದೋಣಿಗಿ ಹಡಗ ಅಂತಾರ. ಸಮುದ್ರದ ಹಡಗ ನೋಡಿದವ್ರು ಕೇಳಿ ನಗಬಹುದು, ನಗ್ಲಿ. ಈ ದಂಡಿ ಜೇವರ್ಗಿ ತಾಲೂಕ, ಆ ದಂಡಿ ಅಫಜಲಪುರ, ನಡಕ ಸೇತುವಿ ಇರಲಿಲ್ಲ. ಎತ್ತು, ಬಂಡಿ, ತೊಗರಿ ಚೀಲ, ಹೆರಿಗಿಗಿ ಹೊಂಟ ಹೆಣ್ಮಕ್ಕಳು, ಎಲ್ಲಾರೂ ನಮ್ಮ ಹಡಗಿನ್ಯಾಗೇ ದಾಟಬೇಕು. ಅದನ್ನ ಕಟ್ಟಿದವ್ರು ನಮ್ಮ ಮಾವ ಮತ್ತ ಬಡಿಗ ಯಾಕೂಬಸಾಬ, ಇಬ್ರೂ ಕೂಡಿ, ಸಾಗವಾನಿ ಹಲಗಿ ಹಚ್ಚಿ ಕಟ್ಟಿದ್ರು. ಮಾವ ಸತ್ತ ಮ್ಯಾಲ ಅದು ನಮ್ಮ ಮನಿಯವ್ರ ಕೈಗಿ ಬಂತು. ಪ್ರತಿ ಬ್ಯಾಸಗಿ ದಂಡಿಗಿ ಎಳದು, ಬೋರಲ ಹಾಕಿ, ತಳಕ್ಕೆಲ್ಲ ಡಾಂಬರ ಬಳೀತಿದ್ರು. ಆ ವಾಸನಿ ಅವ್ರ ಅಂಗಿಯಿಂದ ಶ್ರಾವಣದ ತನಕ ಹೋಗತಿರಲಿಲ್ಲ.

ಗಂಡನ ಹೆಸರ ಹೇಳು ರೂಢಿ ನಮ್ಮಲ್ಲಿಲ್ಲ, ಅದಕ್ಕ ಅವ್ರು ಅವ್ರು ಅಂತೇನಿ, ತಪ್ಪ ತಿಳಕೋಬ್ಯಾಡ್ರಿ. ಮಾತ ಭಾಳ ಕಡಿಮಿ ಮನಶ್ಯಾ. ಸಣ್ಣಾಂವ ಇದ್ದಾಗಿಂದ ನೀರಾಗ ಮುಳುಗಿ ಮುಳುಗಿ ಕಿವಿ ಜರಾ ಮಂದ ಆಗಿತ್ತು. ಒಂದ ಮಾತ ಎರಡ ಸಲ, ಅದೂ ಒದರಿ ಹೇಳಬೇಕು. ನಾ ಒದರೂದು ಕೇಳಿ ಹಾದಿಗಿ ಹೋಗವ್ರು ಗಂಡ ಹೆಂಡತಿ ಜಗಳಾಡಾಕತ್ತಾರ ಅಂದುಕೋತಿದ್ರು. ಅರ್ಧ ಸಲ ಖರೇನೂ ಜಗಳೇ ಇರತಿತ್ತು, ಆದ್ರ ಆಡತಿದ್ದಾಕಿ ನಾ ಒಬ್ಬಾಕಿನೇ.

ಎಂಬತ್ತರ ಇಸವಿ ಆಚಿ ಈಚಿ ಇರಬೇಕು, ನಮ್ಮೂರಿಗಿ ಹಡಗ ನಿಲ್ಲೂ ಹೊಸ ಘಾಟ ಬಂತು. ಅದಕ್ಕೂ ಮೊದಲ ಹಡಗ ಮ್ಯಾಲಿನ ಉಸುಕಿನ ದಂಡಿಗಿ ಹಚ್ಚತಿದ್ರು. ಅಲ್ಲಿ ಮೆಟ್ಟಲ ಇರಲಿಲ್ಲ, ಕೆಸರ ತುಳೀಬೇಕು, ಆದ್ರ ಹಡಗಿನ ಹೊಟ್ಟಿ ಮೆತ್ತಗ ಉಸುಕಿನ ಮ್ಯಾಲ ಕೂಡತಿತ್ತು. ಹೊಳಿ ದಾಟೂ ಕಾರಭಾರ ಎಲ್ಲ ಒಂದ ಘಾಟ ಕಮಿಟಿ ಕೈಯಾಗಿತ್ತು. ಹಡಗ ಬಿಡೂ ಪರವಾನಿಗಿ ಕೊಡವ್ರೂ ಅವ್ರೇ, ಎಲ್ಲಿ ಕಟ್ಟಬೇಕು ಅಂತ ಹೇಳವ್ರೂ ಅವ್ರೇ. ಅವ್ರು ಕಲ್ಲಿನ ಮೆಟ್ಟಲ ಕಟ್ಟಿಸಿದ್ರು, ಹಗ್ಗ ಕಟ್ಟಾಕ ಕಬ್ಬಿಣದ ಬಳಿ ಹುಗಿದ್ರು. ಮೆಟ್ಟಲ ಕಟ್ಟೂಮುಂದ ದಂಡಿಮ್ಯಾಲಿದ್ದ ಹಳೀ ಮಂಟಪ ಅಡ್ಡ ಬಂತು. ಗುತ್ತಿಗಿದಾರನ ಆಳುಗಳು ಕಬ್ಬಿಣದ ಹಾರಿಲೆ ಮೀಟಿ ಮೀಟಿ ಅದನ್ನ ಕೆಡವಿದ್ರು, ಕಲ್ಲ ಎಲ್ಲ ನೀರಿಗಿ ಉರುಳಿಸಿದ್ರು. ಎತ್ತಿ ಒಯ್ಯೂ ದಗದ ಉಳೀತಲ್ಲ ಅವ್ರಿಗಿ. ಒಳಗಿದ್ದ ಕಲ್ಲಿನ ಬಸವಣ್ಣನ್ನ ಬ್ಯಾರೆ ಕಡೆ ಒಯ್ದೀವಿ ಅಂದ್ರು, ನಾವು ನಂಬಿದ್ವಿ.

ಕಲ್ಲ ನೀರಿಗಿ ಬಿದ್ದಿದ್ದನ್ನ ನಮ್ಮ ಮನಿಯವ್ರು ನೋಡಿದ್ರು. ಕಮಿಟಿ ಸಾಹೇಬನ ಮುಂದ ನಿಂತು, "ಸಾಹೇಬ್ರ, ತಳದಾಗ ಕಲ್ಲ ಬಿದ್ದಾವ್ರಿ. ನೀರ ಇಳದ್ರ ಹಡಗಿಗಿ ತ್ರಾಸ ಆಗತದ್ರಿ" ಅಂದ್ರು. ಸಾಹೇಬ ಹೊಸಾ ಬೂಟ ಹಾಕೊಂಡು ಮೆಟ್ಟಲ ಮ್ಯಾಲ ನಿಂತಿದ್ದ. "ಎಲ್ಲಾ ತೆಗಿಸೀವಿ. ನಾನ ಹೇಳಾಕತ್ತೇನಿ ಅಲ್ಲ, ಜಿಮ್ಮೇದಾರಿ ನಮ್ಮದು. ಇನ್ನ ಮ್ಯಾಲ ಈ ಕಬ್ಬಿಣದ ಬಳಿಗೇ ಕಟ್ಟಬೇಕು. ಉಸುಕಿನ ದಂಡಿಗಿ ಹಚ್ಚಿದ್ರ ಪರವಾನಿಗಿ ರದ್ದ ಮಾಡ್ತೇನಿ" ಅಂದ. ನಾ ಅಲ್ಲೇ ಅರಬಿ ಒಗ್ಯಾಕತ್ತಿದ್ನಿ, ಈ ಮಾತ ನನ್ನ ಕಿವಿಲೆ ಕೇಳೇನಿ. ಜಿಮ್ಮೇದಾರಿ ನಮ್ಮದು ಅಂತ ಅಂದಾನ ಅವ. ಅವತ್ತಿಂದ ಇವ್ರು ಬಳಿಗಿ ಹಗ್ಗ ಕಟ್ಟಿದ್ರು.

ಮಳಿಗಾಲ ಸುಸೂತ್ರ ಹೋಯ್ತು. ಚಳಿಗಾಲದಾಗ ಮ್ಯಾಲಿನ ಡ್ಯಾಮಿನವ್ರು ನೀರ ಹಿಡದ್ರು, ಹೊಳಿ ಇಳೀತು. ಒಂದ ಮಧ್ಯಾಹ್ನ ಆಳಂದ ಬಜಾರಕ್ಕ ಹೊಂಟ ತೊಗರಿ ಚೀಲ ಹೇರಾಕತ್ತಿದ್ರು. ಆ ದಂಡಿಗಿ ಲಾರಿ ಬಂದು ನಿಂತಿತ್ತು. ಹಡಗ ಬಳಿಗೇ ಕಟ್ಟಿತ್ತು, ಅಲುಗಾಡಿಲ್ಲ, ಹೊಂಟಿಲ್ಲ. ಚೀಲ ಹೇರಿದಾಂಗ ಹೇರಿದಾಂಗ ತಳ ಕೆಳಗಿಳೀತು. ನಾ ಇವ್ರಿಗಿ ರೊಟ್ಟಿ ಒಯ್ದಿದ್ನಿ. ಮರ ಸೀಳಿದ ಸಪ್ಪಳ ಕೇಳಿತು, ಒಂದೇ ಸಲ. ಮಂದಿ ಎಲ್ಲ ಹಾರಿ ಮೆಟ್ಟಲ ಹತ್ತಿದ್ರು, ಯಾರಿಗೂ ಏನೂ ಆಗಲಿಲ್ಲ. ಹಡಗಿನ ಹೊಟ್ಟಿ ಮಾತ್ರ ನಟ್ಟನಡುವ ಸೀಳಿತ್ತು. ನಾವು ನೋಡ್ತಾ ನಿಂತಾಗೇ ತೊಗರಿ ಚೀಲದ ಸಮೇತ ಅದು ನೀರಾಗ ಕುಂತಬಿಟ್ತು.

ಅವ್ರು ಅಂಗಿ ತೆಗದು ನೀರಿಗಿ ಇಳದ್ರು. ಕೆಳಗ ಏನದ ಅಂತ ಕೈಲೆ ತಡವಿ ನೋಡಿದ್ರಂತ. ಮ್ಯಾಲ ಬಂದಾಗ ಅವ್ರ ಕಣ್ಣಾಗ ನೀರಿತ್ತು. ಹಡಗ ಹೋತು ಅಂತ ಅಳಾಕತ್ತಾರ ಅಂದುಕೊಂಡ್ನಿ. ಅದಲ್ಲ.

"ಕೆಳಗ ಬಸವಣ್ಣ ಅದಾನ. ಮಂಟಪದಾಗಿನ ಬಸವಣ್ಣ. ಕೆಸರಾಗ ಅಡ್ಡ ಬಿದ್ದಾನ" ಅಂದ್ರು. ಆಮ್ಯಾಲ ನನ್ನ ಕಡೆ ನೋಡಿ ಸಣ್ಣ ದನಿಲೆ ಅಂದ್ರು, "ಒಂದ ಕೋಡ ಇಲ್ಲ ಸಾಬವ್ವ. ನಮ್ಮ ಹಡಗ ಮ್ಯಾಲ ಕುಂತು ಮುರದದ."

ನೋಡ್ರಿ, ಅಲ್ಲೇ ಎಲ್ಲಾ ಕೆಟ್ಟಿತು. ಬ್ಯಾರೆ ಯಾವ ಮನಶ್ಯಾ ಆದ್ರೂ ಕಲ್ಲ ನನ್ನ ಹಡಗ ಮುರೀತು ಅಂತಿದ್ದ. ನಮ್ಮವ್ರು ನನ್ನ ಹಡಗ ದೇವರ ಕೋಡ ಮುರೀತು ಅಂದ್ರು.

ಮರುದಿನ ಯಾಕೂಬಸಾಬ ಬಂದ. ಮುರದ ಹಡಗ ನೋಡಿ, ದಂಡಿಮ್ಯಾಲ ಕುಂತು ಕಣ್ಣೊರಸಿಕೊಂಡ. ಅವನೂ ಕಟ್ಟಿದ್ದಲ್ಲ ಅದನ್ನ. "ಭೈಯ್ಯಾ, ನನ್ನ ಮಾತ ಕೇಳು" ಅಂದ. "ಕಲ್ಲ ಈಗ ಎತ್ತಬ್ಯಾಡ. ಹಡಗ ಹೆಂಗದ ಹಂಗೇ ಇರ್ಲಿ, ಕಲ್ಲ ಹೆಂಗದ ಹಂಗೇ ಇರ್ಲಿ. ಸರಕಾರದವ್ರು ಬಂದು ಪಂಚನಾಮಿ ಮಾಡ್ಲಿ. ಅವರ ಘಾಟು, ಅವರ ಕಲ್ಲು, ಕಣ್ಣಿಲೆ ನೋಡ್ಲಿ."

"ಬಸವಣ್ಣ ಕೆಸರಾಗ ಬಿದ್ದಿರ್ತಾನ, ಅವನ ಮ್ಯಾಲ ಎಮ್ಮಿ ಕಾಲಿಡ್ತಾವ, ನಾ ಮನಿಗಿ ಹೋಗಿ ಉಣ್ಲೇನು?" ಅಂದ್ರು ಇವ್ರು.

ನಾನೂ ಒದರಿದ್ನಿ. ಎರಡು ದಿನ ಬಿಟ್ಟು ಎತ್ರಿ, ದೇವರು ಇಷ್ಟ ದಿನ ಇದ್ದಾನ, ಇನ್ನ ಎರಡ ದಿನಕ್ಕ ಏನೂ ಆಗಾಂಗಿಲ್ಲ ಅಂತ. ಅವ್ರು ಅವತ್ತ ಉಣಲಿಲ್ಲ, ಮರುದಿನಾನೂ ಉಣಲಿಲ್ಲ. ಊರ ಗೌಡ ಜಗದೇವಪ್ಪನ ಮುಂದ ಹೋಗಿ ಕುಂತ್ರು. ಗೌಡ್ರು, "ಭಿನ್ನ ಆದ ಮೂರ್ತಿ ಪೂಜಿಗಿ ಬರಾಂಗಿಲ್ಲ ತಮ್ಮಾ" ಅಂತ ತಿಳಿಸಿ ಹೇಳಿದ್ರು. "ಭಿನ್ನ ಮಾಡಿದಾಂವ ನಾನ್ರಿ. ಸೇವಾನೂ ನಾನೇ ಮಾಡ್ತೇನಿ, ನನ್ನ ಜೀವ ಇರೂ ತನಕ" ಅಂದ್ರು ಇವ್ರು. ಹಂಗ ಅಂದ ಮ್ಯಾಲ ಗೌಡ್ರು ತಮ್ಮ ಎತ್ತು ಕಳಿಸಿದ್ರು. ಡೊಳ್ಳು ಬಾರಿಸಿ, ಎತ್ತು ಹೂಡಿ, ಹಗ್ಗ ಹಚ್ಚಿ ಬಸವಣ್ಣನ್ನ ಎಳದು ಬೇವಿನ ಗಿಡದ ಕೆಳಗ ತಂದು ಕೂಡಿಸಿದ್ರು. ಎಳ್ಯಾಕ ಅಡ್ಡ ಆಗತದ ಅಂತ ಮುರದ ಹಡಗಿನ ಹಲಗಿನೂ ಕಿತ್ತಿದ್ರು.

ಅವತ್ತ ಕಮಿಟಿ ಸಾಹೇಬನೂ ಬಂದಿದ್ದ. ಈ ಸಲ ಬೂಟ ಹೊರಗ ಬಿಟ್ಟಿದ್ದ. ತಾನೇ ಒಂದ ತೆಂಗಿನಕಾಯಿ ತಂದಿದ್ದ, ಬಸವಣ್ಣನ ಮುಂದ ಒಡದ, ಒಂದ ಹೋಳ ನಮ್ಮವ್ರ ಕೈಯಾಗ ಕೊಟ್ಟ. ಅಷ್ಟ ಖುಷಿ ಅವನಿಗಿ. ಘಾಟಿನ್ಯಾಗ ಕಲ್ಲೂ ಉಳೀಲಿಲ್ಲ, ಕಲ್ಲಿನ ಮ್ಯಾಲ ಹಡಗೂ ಉಳೀಲಿಲ್ಲ. ನಮ್ಮ ಮನಿಯವ್ರು ಆ ಹೋಳ ಕಣ್ಣಿಗಿ ಒತ್ತಿಕೊಂಡ್ರು. ನನಗ ಅದನ್ನ ಕಸಗೊಂಡು ಹೊಳಿಗಿ ಒಗೀಬೇಕು ಅನಸಿತು.

ಆ ವಾರದಾಗೇ ಕಮಿಟಿಯವ್ರು ಘಾಟಿಗಿ ಹಾಳಿ ಅಂಟಿಸಿದ್ರು. ಅಂಬಿಗನ ಬೇಜವಾಬ್ದಾರಿಯಿಂದ ಹಡಗ ಮುರದದ, ಪರವಾನಿಗಿ ರದ್ದ ಅಂತ. ಸಾಲಿ ಮಾಸ್ತರ ಓದಿ ಹೇಳಿದ. ಇವ್ರಿಗಿ ಸರಿ ಕೇಳಲಿಲ್ಲ, ನನಗ ಒದರಿ ಹೇಳಾಕ ಬಾಯಿ ಬರಲಿಲ್ಲ. ಕಡೀಕ ಅವ್ರೇ ಕೇಳಿದ್ರು, "ನನ್ನ ಕೈಲೆ ತಪ್ಪಾಗ್ಯದಂತೇನು?" ನಾ ಹೂಂ ಅಂದ್ನಿ. ಮೊದಲನೇ ಸಲ ಆ ಮನಶ್ಯಾಗ ಸಿಟ್ಟ ಬಂತು. ಹಡಗ ಹೋದ್ರ ಹೋಗ್ಲಿ, ಈ ಮಾತ ಹೋಗಬೇಕು ಅಂದ್ರು. ಹಡಗ ನೂಕೂ ಗಳಾ ಅಪ್ಪನ ಕೈಯಿಂದ ಇಸಗೊಂಡವ್ರು, ಒಂದ ಕೂಸ ನೀರಿಗಿ ಬಿಟ್ಟವ್ರಲ್ಲ. ಕೋರ್ಟಿನ್ಯಾಗ ದೊಡ್ಡ ಸಾಹೇಬ ಬಾಯಿ ತೆಗದು ಇವನ ಕೈಲೆ ತಪ್ಪಾಗಿಲ್ಲ ಅಂತ ಹೇಳಬೇಕು. ಅಷ್ಟೇ ಬೇಕಿತ್ತು ಅವ್ರಿಗಿ.

ಜೇವರ್ಗಿಯಾಗ ಜಯತೀರ್ಥ ಅಂತ ಒಬ್ರು ವಕೀಲ ಇದ್ರು, ಒಳ್ಳೆಯವ್ರು. ಎಲ್ಲ ಕೇಳಿ, "ಹಡಗ ಕಟ್ಟು ಜಾಗಾ ಇದೇ ಅಂತ ತೋರಿಸಿದವರ ಮ್ಯಾಲೇ ಅದನ್ನ ನೆಟ್ಟಗ ಇಡೂ ಹೊಣಿನೂ ಇರತದ. ಕೇಸ ಗಟ್ಟಿ ಅದ" ಅಂದ್ರು. ಆಮ್ಯಾಲ ಕಲ್ಲ ಎತ್ತಿದ್ದು ಕೇಳಿ ಕನ್ನಡಕ ತೆಗದು ಮೇಜಿನ ಮ್ಯಾಲ ಇಟ್ರು. "ಸಾಕ್ಷಿನೇ ಜಾಗಾದಿಂದ ಎತ್ತಿಬಿಟ್ರಲ್ಲ" ಅಂದ್ರು.

ಕೋರ್ಟಿನವ್ರು ಕಲ್ಲ ನೋಡಿ ಬಾ ಅಂತ ಒಬ್ಬ ಕಮಿಷನರನ್ನ ಕಳಿಸಿದ್ರು. ಅವ ಬಂದಾಗ ಬಸವಣ್ಣಗ ಎಣ್ಣಿ ಬಳದಿತ್ತು, ಮೈ ತುಂಬ ಇಬತ್ತಿ, ಕೊರಳಾಗ ಹೂವು. ಮುರದ ಕೋಡಿಗಿ ಮಾತ್ರ ನಮ್ಮವ್ರು ಇಬತ್ತಿ ಎಣ್ಣಿಲೆ ಕಲಸಿ ದಪ್ಪಗ ಮೆತ್ತಿದ್ರು, ಗಾಯಕ್ಕ ಔಷಧ ಮೆತ್ತಿದಾಂಗ. ಕಮಿಷನರ ಚಪ್ಪಲಿ ಬಿಟ್ಟು ಒಂದ ಸುತ್ತ ಹಾಕಿದ. "ಇದನ್ನ ಜರಾ ತೊಳದು ತೋರಿಸ್ತೀರೇನು?" ಅಂತ ಕೋಡಿನ ಕಡೆ ಕೈ ಮಾಡಿದ. "ಬ್ಯಾಡ್ರಿ ಸಾಹೇಬ್ರ, ಅಲ್ಲಿ ಮುಟ್ಟಬ್ಯಾಡ್ರಿ" ಅಂದ್ರು ಇವ್ರು. ಅವನೂ ದೈವಭಕ್ತ ಇದ್ದಂಗಿತ್ತು, ಬಲವಂತ ಮಾಡಲಿಲ್ಲ. ಹಡಗ ಬಡದ ಗುರ್ತ ಏನೂ ಕಾಣಲಿಲ್ಲ ಅಂತ ಹೋಗಿ ಹೇಳಿದ.

ಸಾಕ್ಷಿ ಹೇಳು ದಿನ ಬಂತು. ಬಸ್ಸಿನ್ಯಾಗ ದಾರಿ ತುಂಬ ನಾ ಅವ್ರಿಗಿ ಹೇಳಿಕೊಟ್ನಿ. "ಕಮಿಟಿಯವ್ರು ಬಿಟ್ಟ ಕಲ್ಲಿಗಿ ನನ್ನ ಹಡಗ ಮುರೀತ್ರಿ. ಇಷ್ಟ ಅನ್ರಿ, ಮತ್ತ ಏನೂ ಅನಬ್ಯಾಡ್ರಿ." ಇಡೀ ಬಸ್ಸಿಗಿ ಕೇಳಸ್ತು. ಮುಂದಿನ ಸೀಟಿನ ಮುದುಕ ತಿರುಗಿ, "ನನಗ ಪಾಠ ಆತ ಬೇ, ಬೇಕಂದ್ರ ನಾನೇ ಹೇಳ್ತೇನಿ" ಅಂದ. ಅವ್ರೂ ನಕ್ರು. ಅವ್ರು ನಕ್ಕಿದ್ದು ನಾ ನೋಡಿದ್ದು ಅದೇ ಕಡೀದು ಅನಸತದ.

ಕೋರ್ಟಿನ ಜವಾನ ಅವ್ರ ಹೆಸರ ಹಿಡದು ಕೂಗಿದ, ಅಂಬಿಗ ದೌಲತರಾಯ ಅಂತ. ಕಟಕಟಿಯಾಗ ನಿಂತ್ರು. ನಮ್ಮ ವಕೀಲ್ರು ಕೇಳಿದಾಗ ಸರಿಯಾಗೇ ಹೇಳಿದ್ರು, ಕಲ್ಲ ಉರುಳಿಸಿದ್ದು, ಸಾಹೇಬ ಜಿಮ್ಮೇದಾರಿ ನಮ್ಮದು ಅಂದಿದ್ದು, ಎಲ್ಲಾ. ಆಮ್ಯಾಲ ಕಮಿಟಿ ವಕೀಲ ಎದ್ದ. ಒದರಲಿಲ್ಲ, ಬೈಲಿಲ್ಲ, ಹತ್ತ್ಯಾಕ ಬಂದು ಮನಿ ಮಂದಿ ಕೂಡ ಮಾತಾಡಿದಾಂಗ ಮಾತಾಡಿದ.

"ತಳದಾಗಿದ್ದದ್ದು ಎಂಥಾ ಕಲ್ಲರಿ?"

"ಕಲ್ಲ ಅಲ್ರಿ. ಬಸವಣ್ಣರಿ."

"ಈಗ ಪೂಜಿ ಮಾಡ್ತೀರಿ?"

"ಮಾಡ್ತೇನ್ರಿ. ಸೋಮವಾರಕ್ಕೊಮ್ಮಿ ನೀರ ಎರೀತೇನ್ರಿ."

"ಹಂಗಾದ್ರ ಬಸವಣ್ಣ ನಿಮ್ಮ ಹಡಗ ಮುರದ ಅಂತೀರೇನು?"

ಅವ್ರಿಗಿ ಕೇಳಿಸದಿರ್ಲಿ ಅಂತ ನಾ ಹಿಂದಿನ ಬೆಂಚಿನ ಮ್ಯಾಲ ಹಾರೈಸಿದ್ನಿ. ಕೇಳೂದ ಬ್ಯಾಡ ಯಪ್ಪಾ, ಇದೊಂದ ಮಾತ ಕೇಳೂದ ಬ್ಯಾಡ. ಅವ ಒದರಿ ಮತ್ತೊಮ್ಮಿ ಕೇಳಿದ. ಅವ್ರು ಕಟಕಟಿ ಹಿಡಕೊಂಡು ತೆಲಿ ತಗ್ಗಿಸಿದ್ರು.

"ಬಸವಣ್ಣ ಯಾಕ ಮುರೀತಾನ್ರಿ. ನನ್ನ ಹಡಗೇ ಅವನ ಕೋಡ ಮುರದದ್ರಿ. ತಪ್ಪ ನಂದೇ ಅದ್ರಿ."

ಆ ವಕೀಲ ಮತ್ತ ಏನೂ ಕೇಳಲಿಲ್ಲ, ಹೋಗಿ ಕುಂತ. ತಪ್ಪ ನಂದೇ ಅಂತ ಅಂಬಿಗನೇ ಒಪ್ಪಿಕೊಂಡಾನ, ಹಡಗ ಒಯ್ದು ಕಲ್ಲಿಗಿ ಏರಿಸ್ಯಾನ ಅಂತ ಕೋರ್ಟಿನವ್ರು ತಿಳಕೊಂಡ್ರು. ಜಯತೀರ್ಥ ವಕೀಲ್ರು ಎದ್ದು ಎಷ್ಟೋ ಬಿಡಿಸಿ ಹೇಳಾಕ ನೋಡಿದ್ರು. ನಮ್ಮವ್ರು ಮಾತ್ರ ಆಡಿದ ಮಾತ ಹಿಂದಕ್ಕ ತಗೊಳ್ಳಲಿಲ್ಲ. ಕೇಸ ಹೋಯ್ತು. ಕೈಲೆ ತಪ್ಪಾಗಿಲ್ಲ ಅನಸಾಕ ಹೋದವ್ರು ಕೈಲೆ ತಪ್ಪಾಗ್ಯದ ಅಂತ ಕೋರ್ಟಿನ ಬಾಯಿಲೇ ಅನಿಸಿಕೊಂಡು ಬಂದ್ರು.

ಬಸ್ಸಿನ್ಯಾಗ ನಾ ಬಾಯಿಗಿ ಬಂದಾಂಗ ಬೈದ್ನಿ. ನಿಮಗ ಹೆಂಡತಿ ಇಲ್ಲೇನು, ನಿಮಗ ಮರ್ಯಾದಿ ಇಲ್ಲೇನು, ಕಲ್ಲಿಗಿ ನೋವಾಗತದ ಅಂತ ನನ್ನ ಬಾಳೇ ಮಣ್ಣ ಮಾಡಿದ್ರಿ ಅಂತ. ಅವ್ರು ಕಿಡಕಿ ಕಡೆ ನೋಡಿಕೋತ ಕುಂತಿದ್ರು. ಊರ ಬಂದ ಮ್ಯಾಲ ಒಂದ ಮಾತ ಅಂದ್ರು, "ಖರೇ ಇದ್ದದ್ದ ಅಂದೇನಿ." ಅವತ್ತಿಂದ ಬಸವಣ್ಣನ ಮುಂದ ಮಾರಿ ತಿರುವಾಕ ಸುರು ಮಾಡಿದ್ನಿ.

ಮತ್ತ ಅವ್ರು ಗಳಾ ಹಿಡೀಲಿಲ್ಲ. ಕಮಿಟಿಯವ್ರು ಬ್ಯಾರೆ ಊರಿಂದ ಹಡಗ ತರಿಸಿದ್ರು. ಹೊಳಿ ದಾಟೂ ಕೆಲಸ ಬಿದ್ರೂ ಅವ್ರು ಅದನ್ನ ಹತ್ತತಿರಲಿಲ್ಲ, ನೀರ ಕಡಿಮಿ ಇದ್ದ ಕಡೆ ಹುಡುಕಿ ನಡಕೋತ ದಾಟತಿದ್ರು. ಹೊಲಕ್ಕ ಕೂಲಿ ಹೋದ್ರು, ಜೇವರ್ಗಿಯಾಗ ಚೀಲ ಹೊತ್ರು. ಸೋಮವಾರ ಮಾತ್ರ ತಪ್ಪಿಸಲಿಲ್ಲ. ಬಸವಣ್ಣಗ ಎರದು, ಕೋಡಿನ ಮೆತ್ತಿಗಿ ಕೈ ಹಚ್ಚದಂಗ ಅದರ ಮ್ಯಾಲೇ ಮತ್ತ ಇಬತ್ತಿ ಮೆತ್ತತಿದ್ರು. ಬ್ಯಾರೆಯವ್ರು ಅಲ್ಲಿ ತಿಕ್ಕಾಕ ಹೋದ್ರ ಕೈ ಹಿಡೀತಿದ್ರು. ಒಮ್ಮೊಮ್ಮಿ ನಿದ್ದಿಗಣ್ಣಾಗ ಎದ್ದು, "ಅವನಿಗಿ ಭಾಳ ನೋವಾಗಿರಬೇಕಲ್ಲ ಸಾಬವ್ವ" ಅಂತಿದ್ರು. ಸುಮ್ಮ ಮಲಗ್ರಿ ಅಂತಿದ್ನಿ. ತಪ್ಪ ನಿಮ್ಮದಲ್ಲ ಅನಬೇಕಿತ್ತು ನಾ, ಅನಲಿಲ್ಲ.

ಹೋದ ವರ್ಷ ದೀಪಾವಳಿ ಆದ ಮ್ಯಾಲ ಜ್ವರ ಬಂದು ಅವ್ರು ತೀರಿಕೊಂಡ್ರು. ಹೊಳಿ ದಂಡಿ ಮ್ಯಾಲಿನ ನಮ್ಮ ಹಾಳ ಜಾಗಾದಾಗ ಮಣ್ಣ ಮಾಡಿದ್ವಿ. ಕಡೀ ದಿನ ನನ್ನ ಕೈ ಹಿಡದು, ಬಾಯಿ ಒಣಗಿತ್ತು, ಆದ್ರೂ ಹೇಳಿದ್ರು, "ನಾ ಮಾಡಿದ ಪಾಪ ನನ್ನ ಕೂಡೇ ಹೋಗ್ಲಿ. ಬಸವಣ್ಣನ್ನ ಬಿಡಬ್ಯಾಡ." ಸಾಯು ಮನಶ್ಯಾಗ ಇಲ್ಲ ಅನಾಕ ಆಗತದೇನು. ಆಯ್ತ್ರಿ ಅಂದ್ನಿ.

ಮಾತ ಕೊಟ್ಟೀನಿ ಅಂತ ಹೋದ್ನಿ, ಭಕ್ತಿಲೆ ಅಲ್ಲ. ಅವ್ರು ಹೋದ ಮುಂದಿನ ಸೋಮವಾರ ಮುಂಜಾನಿ, ಕೊಡದಾಗ ಬಿಸಿನೀರು, ಒಂದ ಬಟ್ಟಲ ಸೀಗಿಪುಡಿ, ತೆಂಗಿನ ನಾರು. ಸಿಟ್ಟಿಲೆ ತಿಕ್ಕಿದ್ನಿ. ಬೆನ್ನ ತಿಕ್ಕಿದ್ನಿ, ಕೊರಳ ತಿಕ್ಕಿದ್ನಿ, ಆಮ್ಯಾಲ ಕೋಡಿಗಿ ಕೈ ಹಾಕಿದ್ನಿ. ನನ್ನ ಕೈ ಹಿಡ್ಯಾಕ ಅವ್ರು ಇರಲಿಲ್ಲ. ವರ್ಷಾನುಗಟ್ಟಲೆ ಮೆತ್ತಿದ್ದ ಇಬತ್ತಿ ಎಣ್ಣಿ ಕೂಡಿ ರೊಟ್ಟಿಗಿಂತ ದಪ್ಪ ಆಗಿತ್ತು. ಬಿಸಿನೀರ ಸುರದು ಉಗುರಿಲೆ ಕಿತ್ತಿದ್ನಿ. ಹೋಳ ಹೋಳ ಆಗಿ ಬಂತು.

ಒಳಗ ಮುರದ ಜಾಗಾ ಕಂಡಿತು. ಅದರಾಗ ಕಬ್ಬಿಣದ ಹಾರಿ ಬಡದ ಗುರ್ತ ಇದ್ವು, ಒಂದರ ಬಾಜೂಕ ಒಂದು, ಉದ್ದಕ ಗೀರಿದಾಂಗ. ಮಂಟಪ ಕೆಡವೂಮುಂದ ಆಳುಗಳು ಮೀಟಿದ್ದು. ಆ ಗೀರಿನ ಒಳಗ ಕರ್ರಗ ಡಾಂಬರ ತುಂಬಿತ್ತು. ನಮ್ಮ ಹಡಗಿನ ಡಾಂಬರ. ಅದರಾಗ ಸಾಗವಾನಿ ಸಿಬಿರು ಒಂದ ಹಂಗೇ ಕಚ್ಚಿಕೊಂಡಿತ್ತು.

ನಾ ಓದಿದಾಕಿ ಅಲ್ಲ, ಆದ್ರ ಇದನ್ನ ತಿಳ್ಯಾಕ ಓದಬೇಕೇನು. ಕೋಡ ಮೊದಲೇ ಹಾರಿಲೆ ಮುರದಿತ್ತು. ಮುರದ ಮ್ಯಾಲ ನೀರಿಗಿ ಉರುಳಿಸ್ಯಾರ. ಅದಾಗಿ ಎಷ್ಟೋ ತಿಂಗಳಿಗಿ ನಮ್ಮ ಹಡಗ ಆ ಮುರದ ಜಾಗಾದ ಮ್ಯಾಲ ಕುಂತದ, ಅದಕ್ಕ ಡಾಂಬರ ಗೀರಿನೊಳಗ ಹೋಗ್ಯದ. ಹಡಗ ಬಸವಣ್ಣನ ಕೋಡ ಮುರದೇ ಇಲ್ಲ.

ಕಮಿಷನರ ಬಂದಾಗ ಇದು ಇಲ್ಲೇ ಇತ್ತು. ಅವ್ರು ತಪ್ಪ ನಂದೇ ಅಂದಾಗನೂ ಇಲ್ಲೇ ಇತ್ತು, ನಿದ್ದಿಗಣ್ಣಾಗ ಎದ್ದು ಕುಂತಾಗನೂ ಇಲ್ಲೇ ಇತ್ತು. ಅವ್ರ ಕೈಲೇ ಮುಚ್ಚಿದ್ದು, ಅವ್ರ ಕೈಲೇ ಸೋಮವಾರಕ್ಕೊಮ್ಮಿ ಮತ್ತ ಮತ್ತ ಮುಚ್ಚಿದ್ದು. ಗಾಯ ನೋಡು ಧೈರ್ಯ ಇರಲಿಲ್ಲ ನನ್ನ ಮನಶ್ಯಾಗ. ಬಸವಣ್ಣನ ಕೊರಳಿಗಿ ಆತು ಬಿದ್ದು ಅತ್ನಿ. ನೀರ ತುಂಬಾಕ ಬಂದ ಹೆಣ್ಮಕ್ಕಳು, ಸಾಬವ್ವಗ ಕಡೀಕ ಭಕ್ತಿ ಬಂತು ಅಂದುಕೊಂಡಿರಬೇಕು, ಅವ್ರೂ ಕೈ ಮುಗದು ನಿಂತ್ರು.

ಜಯತೀರ್ಥ ವಕೀಲ್ರ ಕಡೆ ಓಡಬೇಕು ಅನಸಿತು. ಹೋಗಿ ಏನ ಮಾಡ್ಲಿ. ಕೋರ್ಟಿನವ್ರು ಈಗ ತಪ್ಪಿಲ್ಲ ಅಂದ್ರ ಯಾರು ಕೇಳಸಿಕೋಬೇಕು. ಆ ಮಾತ ಕೇಳಬೇಕಾದಾಂವ ಒಬ್ಬಾಂವೇ ಇದ್ದ.

ತೊಳದ ಕೈಲೇ ಹಾಳ ಜಾಗಾಕ್ಕ ಹೋದ್ನಿ. ಮಣ್ಣ ಇನ್ನ ಕುಂತಿರಲಿಲ್ಲ, ಮ್ಯಾಲಿಟ್ಟ ಕಲ್ಲ ಒಂದ ಕಡೆ ವಾಲಿತ್ತು. ತೆಲಿ ಕಡೆ ಕುಂತು ಹೇಳಿದ್ನಿ, "ನಿಮ್ಮ ಹಡಗ ಅವನ ಕೋಡ ಮುರದಿಲ್ರಿ. ಕೋಡ ಮೊದಲೇ ಮುರದಿತ್ತು. ನಿಮ್ಮ ಕೈಲೆ ತಪ್ಪಾಗಿಲ್ರಿ."

ವಾಲಿದ ಕಲ್ಲ ನೆಟ್ಟಗ ಮಾಡಿದ್ನಿ. ಆಮ್ಯಾಲ ಇನ್ನೊಮ್ಮಿ ಒದರಿ ಹೇಳಿದ್ನಿ, ಅವ್ರಿಗಿ ಕಿವಿ ಮಂದ ಇತ್ತಲ್ಲ.